ಏಳು ಮಶೀನ್ ಆರಾಮಾಗಿದ್ದವು, ಒಂದು ಮಾತ್ರ ಏದುಸಿರು ಬಿಡುತ್ತಿತ್ತು

ನಮ್ಮಲ್ಲಿ ತಿಂಗಳ ಕೊನೆಗೆ ಓಡುವ ರಿಪೋರ್ಟ್ ಒಂದಿದೆ. ಯಾವಾಗಲೂ 40 ನಿಮಿಷದ ಕೆಲಸ. ಆ ತಿಂಗಳು ಮೂರು ಗಂಟೆ ಹಿಡಿಯಿತು. ಬೆಳಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಫೈನಾನ್ಸ್‌ನವರ ಫೋನು ಬಂತು.

ನಮ್ಮದು ಗ್ರೀನ್‌ಪ್ಲಮ್, ಹಲವು ಮಶೀನ್‌ಗಳ ಮೇಲೆ ಹರಡಿಕೊಂಡು ಓಡುವ ಡೇಟಾಬೇಸ್. ಎಂಟು ಮಶೀನ್, ಒಂದೊಂದರಲ್ಲೂ ಆರು ಸೆಗ್ಮೆಂಟ್, ಅಂದರೆ ಡೇಟಾಬೇಸಿನ ಆರು ತುಂಡು. ಟೇಬಲ್‌ನ ಸಾಲುಗಳು ಎಲ್ಲ ಸೆಗ್ಮೆಂಟ್‌ಗಳಿಗೂ ಹಂಚಿಹೋಗಿರುತ್ತವೆ. ಪ್ರತಿ ಸೆಗ್ಮೆಂಟೂ ತನ್ನ ಪಾಲಿನದನ್ನು ಮಾತ್ರ ನೋಡಿಕೊಳ್ಳುತ್ತದೆ. ಪಂಕ್ತಿ ಊಟ ಇದ್ದ ಹಾಗೆ: ಒಬ್ಬರು ಇನ್ನೂ ಮಜ್ಜಿಗೆ ಅನ್ನದಲ್ಲಿದ್ದರೆ ಉಳಿದವರು ಕೈ ಒಣಗಿಸಿಕೊಂಡು ಕೂತಿರಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲ ಒಂದೂವರೆ ದಿನ ಹಾಳು ಮಾಡಿಕೊಂಡೆ.

ಮೊದಲು ಕ್ವೆರಿ ಮೇಲೆ, ಅಂದರೆ ರಿಪೋರ್ಟು ಡೇಟಾಬೇಸಿಗೆ ಕೇಳುವ ಪ್ರಶ್ನೆಯ ಮೇಲೆ, ಅನುಮಾನ ಬಂತು. ಅದನ್ನು ಡೇಟಾಬೇಸ್ ಓಡಿಸುವ ಪ್ಲ್ಯಾನ್ ಬದಲಾಗಿರಲಿಲ್ಲ, ಟೇಬಲ್‌ಗಳ ಅಂಕಿಅಂಶ ಹೊಸದು ಮಾಡುವ ಅನಲೈಸ್ ಕೂಡ ಆಗಿತ್ತು. ಆಮೇಲೆ ಸ್ಕ್ಯೂ (ಒಂದು ಸೆಗ್ಮೆಂಟಿಗೇ ಹೆಚ್ಚು ಸಾಲು ಬಿದ್ದಿರುವುದು) ಇರಬಹುದಾ ಅಂತ ಪ್ರತಿ ಸೆಗ್ಮೆಂಟ್‌ನ ಸಾಲು ಎಣಿಸಿದೆ. ಎಲ್ಲ ಹೆಚ್ಚುಕಮ್ಮಿ ಸಮ. ಮಾನಿಟರಿಂಗ್ ಪರದೆಯಲ್ಲಿ ಡಿಸ್ಕ್ ಗ್ರಾಫೂ ತಣ್ಣಗಿತ್ತು. ನಾನು ಮೋಸಹೋದದ್ದು ಅಲ್ಲೇ. ಆ ಗ್ರಾಫ್ ಎಂಟೂ ಮಶೀನ್‌ಗಳ ಸರಾಸರಿ. ಏಳು ಮಂದಿಗೆ ಜ್ವರ ಇಲ್ಲ, ಒಬ್ಬನಿಗೆ 104 ಇದೆ ಅಂದರೆ ಸರಾಸರಿ ಚೆನ್ನಾಗೇ ಇರುತ್ತದೆ ಅಲ್ವಾ?

ರಿಪೋರ್ಟನ್ನು ಹಗಲಲ್ಲೇ ಮತ್ತೆ ಓಡಿಸಿದೆ. ಈ ಸಲ ಎಂಟು ಟರ್ಮಿನಲ್ ತೆರೆದು ಎಲ್ಲದರಲ್ಲೂ ಡಿಸ್ಕಿನ ಓದು-ಬರಹದ ಅಂಕಿ ತೋರಿಸುವ ಐಒಸ್ಟ್ಯಾಟ್ ಹಾಕಿದೆ, ಐದು ಸೆಕೆಂಡಿಗೊಮ್ಮೆ. ಓದುವ ಹಂತದಲ್ಲಿ ಎಂಟೂ ಒಂದೇ ಥರ ಇದ್ದವು. ಸಾರ್ಟ್ (ಸಾಲುಗಳನ್ನು ಕ್ರಮಕ್ಕೆ ಜೋಡಿಸುವುದು) ಶುರುವಾದದ್ದೇ ತಡ, ಐದನೇ ಮಶೀನ್ ಹದಗೆಟ್ಟಿತು. ಉಳಿದವುಗಳಲ್ಲಿ ಬರವಣಿಗೆಯ ಅವೇಟ್, ಅಂದರೆ ಒಂದು ಬರಹ ಮುಗಿಯಲು ಸರಾಸರಿ ಹಿಡಿಯುವ ಹೊತ್ತು, ಎರಡು ಮೂರು ಮಿಲಿಸೆಕೆಂಡ್. ಇದರಲ್ಲಿ 180, 210, 195. ಸ್ವಲ್ಪ ಹೊತ್ತಿಗೆ ಏಳು ಮಶೀನ್ ಕೆಲಸ ಮುಗಿಸಿ ಸುಮ್ಮನಾದವು. ಐದನೆಯದು ಒಂದೇ ಒದ್ದಾಡುತ್ತಿತ್ತು.

ಇಲ್ಲಿ ಒಂದು ಮಾತು. ಬಹಳ ಜನ ಐಒಸ್ಟ್ಯಾಟ್‌ನಲ್ಲಿ ಯುಟಿಲ್ (ಡಿಸ್ಕ್ ಕೆಲಸದಲ್ಲಿದ್ದ ಹೊತ್ತಿನ ಪಾಲು) ಶೇಕಡಾ 100 ಕಂಡರೆ ಡಿಸ್ಕ್ ಸುಸ್ತಾಯ್ತು ಅಂದುಕೊಳ್ಳುತ್ತಾರೆ. ರೇಡ್ ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವುದು; ಒಳಗೆ ಹತ್ತು ಹನ್ನೆರಡು ಡಿಸ್ಕ್ ಇರುವ ರೇಡ್‌ನಲ್ಲಿ ಆ ಅಂಕಿಗೆ ಅಷ್ಟು ಅರ್ಥವಿಲ್ಲ. ಒಂದಲ್ಲ ಒಂದು ಕೆಲಸ ಸದಾ ನಡೆಯುತ್ತಿತ್ತು ಅಂತಷ್ಟೇ ಅದು ಹೇಳುತ್ತದೆ. ನಾನು ಮೊದಲು ನೋಡುವುದು ಅವೇಟ್ ಮತ್ತು ಕ್ಯೂ ಉದ್ದ. ಅದೂ ಪಕ್ಕದ ಮಶೀನ್ ಜೊತೆ ಹೋಲಿಸಿ.

ರಾತ್ರಿ ಡೇಟಾಬೇಸ್ ನಿಲ್ಲಿಸಿ ಜಿಪಿಚೆಕ್‌ಪರ್ಫ್ ಓಡಿಸಿದೆ. ಇದು ಗ್ರೀನ್‌ಪ್ಲಮ್ ಜೊತೆಗೇ ಬರುವ ಸಾಧನ. ರ್‍ಯಾಮ್‌ನ ಎರಡರಷ್ಟು ದೊಡ್ಡ ಫೈಲ್ ಬರೆದು, ಮತ್ತೆ ಓದಿ ವೇಗ ಹೇಳುತ್ತದೆ. ಚಿಕ್ಕ ಫೈಲ್ ಆದರೆ ಮೆಮೊರಿಯಿಂದಲೇ ಉತ್ತರ ಬಂದು ಡಿಸ್ಕ್ ಸೂಪರ್ ಅಂತ ನಂಬಿಸಿಬಿಡುತ್ತದೆ. ಐದನೇ ಮಶೀನ್‌ನ ಓದುವ ವೇಗ ಉಳಿದವುಗಳಷ್ಟೇ ಬಂತು. ಬರೆಯುವ ವೇಗ ಮಾತ್ರ ಉಳಿದವುಗಳ ಏಳನೇ ಒಂದು ಭಾಗ.

ಓದುವುದು ಸರಿ, ಬರೆಯುವುದು ಮಾತ್ರ ಕೆಟ್ಟಿದೆ. ಡಿಸ್ಕೇ ಹೋಗಿದ್ದರೆ ಎರಡೂ ಕೆಡಬೇಕಿತ್ತು. ಆಗ ಈ ಡಿಸ್ಕ್‌ಗಳನ್ನೆಲ್ಲ ನಡೆಸುವ ರೇಡ್ ಕಾರ್ಡ್ ನೆನಪಾಯಿತು. ಕಾರ್ಡಿನ ಸ್ಥಿತಿ ತೋರಿಸುವ ಮೆಗಾಸಿಎಲ್‌ಐ ಹಾಕಿ ನೋಡಿದರೆ ಎರಡು ಸಾಲು ಎದುರೆದುರೇ ಇದ್ದವು. ಡಿಫಾಲ್ಟ್ ಕ್ಯಾಶ್ ಪಾಲಿಸಿ: ರೈಟ್‌ಬ್ಯಾಕ್. ಕರೆಂಟ್ (ಅಂದರೆ ಈಗಿನ) ಕ್ಯಾಶ್ ಪಾಲಿಸಿ: ರೈಟ್‌ಥ್ರೂ.

ಕಾರ್ಡಿನ ಮೇಲೆ ಒಂದಿಷ್ಟು ಮೆಮೊರಿ (ಅದೇ ಕ್ಯಾಶ್), ಅದಕ್ಕೊಂದು ಪುಟ್ಟ ಬ್ಯಾಟರಿ ಇರುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಕಾರ್ಡು ಡೇಟಾವನ್ನು ಮೆಮೊರಿಗೆ ಹಾಕಿಕೊಂಡು ಕೂಡಲೇ 'ಆಯ್ತು' ಅನ್ನುತ್ತದೆ, ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತದೆ; ಇದು ರೈಟ್‌ಬ್ಯಾಕ್. ಬ್ಯಾಟರಿ ಕೈಕೊಟ್ಟರೆ ಪ್ರತಿ ಬರವಣಿಗೆಯೂ ಡಿಸ್ಕ್ ಮುಟ್ಟಿಯೇ ಬರಬೇಕು; ಅದು ರೈಟ್‌ಥ್ರೂ. ನಿಮಿಷಕ್ಕೆ 7,200 ಸುತ್ತಿನ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ನಮ್ಮದು ರೇಡ್ 5 ಬೇರೆ, ಒಂದು ಸಣ್ಣ ಬರವಣಿಗೆಗೆ ಎರಡು ಓದು, ಎರಡು ಬರಹ. ಆರು ಸೆಗ್ಮೆಂಟ್ ಒಟ್ಟಿಗೆ ಸ್ಪಿಲ್ ಫೈಲ್ (ಸಾರ್ಟ್ ಮಾಡುವಾಗ ಮೆಮೊರಿಯಲ್ಲಿ ಹಿಡಿಸದೆ ಡಿಸ್ಕಿಗೆ ಬರೆಯುವ ತಾತ್ಕಾಲಿಕ ಫೈಲ್) ಸುರಿದರೆ ಇನ್ನೇನಾಗುತ್ತದೆ?

ಕಾರ್ಡಿನ ಲಾಗ್ ತೆಗೆದೆ. ಮೂರು ವಾರದ ಹಿಂದೆ ಬ್ಯಾಟರಿಯ ಲರ್ನ್ ಸೈಕಲ್ ನಡೆದಿತ್ತು. ಅಂದರೆ ಕಾರ್ಡು ತಾನೇ ಬ್ಯಾಟರಿ ಖಾಲಿ ಮಾಡಿ, ಮತ್ತೆ ತುಂಬಿಸಿ, ಎಷ್ಟು ಕಸುವು ಉಳಿದಿದೆ ಅಂತ ಅಳೆಯುವುದು. ಹಳೇ ಬ್ಯಾಟರಿ ಪಾಸಾಗಲಿಲ್ಲ. ಕಾರ್ಡು ಸುಮ್ನೆ ರೈಟ್‌ಥ್ರೂಗೆ ಇಳಿದು ಅಲ್ಲೇ ಉಳಿದಿತ್ತು. ಯಾರಿಗೂ ಅಲರ್ಟ್ ಹೋಗಿಲ್ಲ. ದಿನದ ರಿಪೋರ್ಟ್‌ಗಳು ಬರೀ ಓದುವವು, ಹಾಗಾಗಿ ಯಾರಿಗೂ ತಟ್ಟಲೂ ಇಲ್ಲ. ರಾತ್ರಿಯ ಲೋಡ್ ಕಾಲು ಗಂಟೆ ತಡವಾಗುತ್ತಿತ್ತು. ಅದನ್ನು 'ಡೇಟಾ ಜಾಸ್ತಿ ಆಗಿದೆ' ಅಂತ ನಾನೇ ತಳ್ಳಿಹಾಕಿದ್ದೆ.

ಬ್ಯಾಟರಿ ಬರಲು ನಾಲ್ಕು ದಿನ ಅಂದರು. ಅಲ್ಲಿಯವರೆಗೆ ರೈಟ್‌ಬ್ಯಾಕನ್ನು ಬಲವಂತವಾಗಿ ಆನ್ ಮಾಡಿಬಿಡು ಅಂತ ಮೇಲಿನಿಂದ ಒತ್ತಡ. ಮಾಡಬಹುದಿತ್ತು, ಒಂದೇ ಕಮಾಂಡ್. ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದು ಗೋವಿಂದ. ನಾನು ಒಪ್ಪಲಿಲ್ಲ. ಬದಲಿಗೆ ಆ ರಿಪೋರ್ಟಿಗೆ ಮಾತ್ರ ಸ್ಟೇಟ್‌ಮೆಂಟ್ ಮೆಮ್, ಅಂದರೆ ಒಂದು ಕ್ವೆರಿಗೆ ಸಿಗುವ ಮೆಮೊರಿ, ಹೆಚ್ಚಿಸಿದೆ. ಸಾರ್ಟ್ ಬಹುಪಾಲು ಮೆಮೊರಿಯಲ್ಲೇ ಮುಗಿದು ಸ್ಪಿಲ್ ಇಳಿಯಿತು. ಒಂದು ಗಂಟೆ ಹತ್ತು ನಿಮಿಷಕ್ಕೆ ಬಂತು. ಫೈನಾನ್ಸ್‌ನವರು ಗೊಣಗಿದರು, ಆದರೆ ಫೋನು ನಿಂತಿತು.

ಹೊಸ ಬ್ಯಾಟರಿ ಹಾಕಿ, ಚಾರ್ಜ್ ಆಗುವವರೆಗೆ ಕಾದು ನೋಡಿದೆ. ಕರೆಂಟ್ ಪಾಲಿಸಿ ತಾನಾಗಿಯೇ ರೈಟ್‌ಬ್ಯಾಕ್ ಆಯಿತು. ರಿಪೋರ್ಟ್ 41 ನಿಮಿಷ. ಈಗ ಪ್ರತಿ ಗಂಟೆಗೆ ಎಂಟೂ ಮಶೀನ್‌ನ ಆ ಎರಡು ಸಾಲು ಹೋಲಿಸಿ, ಬೇರೆ ಬೇರೆ ಇದ್ದರೆ ಮೇಲ್ ಕಳಿಸುವ ಸಣ್ಣ ಸ್ಕ್ರಿಪ್ಟ್ ಇದೆ. ಹನ್ನೊಂದನೇ ದಿನಕ್ಕೇ ಮೊದಲ ಮೇಲ್ ಬಂತು, ಎರಡನೇ ಮಶೀನ್‌ನಿಂದ. ಎಂಟೂ ಬ್ಯಾಟರಿಗಳನ್ನು ಕೊಂಡದ್ದು ಒಂದೇ ದಿನ ಅಲ್ವಾ.