‘ಬೇಜಾರು’ ಅಂದರೆ ಸಾಲದು: ಹಾಸ್ಟೆಲ್ ಕೋಣೆಯಿಂದ ಡಾಕ್ಟರ್ ತನಕ

ಮೂರನೇ ಸೆಮಿಸ್ಟರ್‌ನಲ್ಲಿ ಯಾರು ಏನು ಕೇಳಿದರೂ ನನ್ನದು ಒಂದೇ ಉತ್ತರ: ‘ಸುಮ್ನೆ, ಬೇಜಾರು.’ ಕ್ಲಾಸಿಗೆ ಯಾಕೆ ಬರಲಿಲ್ಲ? ಬೇಜಾರು. ಮೆಸ್ಸಿಗೆ ಯಾಕೆ ಇಳಿಯಲಿಲ್ಲ? ಬೇಜಾರು. ಮಳೆ ಬಂದು ಮ್ಯಾಚ್ ನಿಂತರೂ ನಮಗೆ ಇದೇ ಪದ, ಬದುಕೇ ಬೇಡ ಅನ್ನಿಸಿದರೂ ಇದೇ ಪದ. ಕೇಳಿದವರು ‘ಒಂದು ಸಿನಿಮಾಗೆ ಹೋಗ್ಬಾರೋ’ ಅಂದು ಸುಮ್ಮನಾಗುತ್ತಾರೆ. ಅವರಿಗಾದರೂ ಹೇಗೆ ಗೊತ್ತಾಗಬೇಕು?

ನಾನು ಹಿರಿಯೂರು ಕಡೆಯವನು. ಹತ್ತನೇ ತನಕ ಕನ್ನಡ ಮೀಡಿಯಂ, ಆಮೇಲೆ ಬೆಂಗಳೂರಲ್ಲಿ ಇಂಜಿನಿಯರಿಂಗ್. ಮೊದಲ ವರ್ಷ ಮುಗಿಯುವಷ್ಟರಲ್ಲಿ ನಾಲ್ಕು ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ನಾಲ್ಕು ವಿಷಯ. ಆಗ ತಡಕಾಡಿಕೊಂಡು ಕಲಿತದ್ದನ್ನು ಈಗ ಜೂನಿಯರ್‌ಗಳಿಗೆ ಹೇಳುತ್ತಿದ್ದೇನೆ.

ಮೊದಲ ಕೆಲಸ, ಎಣಿಸಿ ಬರೆದಿಡಿ. ನಾನು ಬರೆದದ್ದು ಹಳೇ ಹಾಲ್ ಟಿಕೆಟ್‌ನ ಹಿಂಭಾಗದಲ್ಲಿ. ‘ಮಲಗಿದ್ದು ಬೆಳಗಿನ ಜಾವ 4. ಎದ್ದಿದ್ದು ಮಧ್ಯಾಹ್ನ 1. ತಿಂದಿದ್ದು ಒಂದು ಪ್ಯಾಕೆಟ್ ಬಿಸ್ಕತ್ತು. ಸ್ನಾನ ಇಲ್ಲ. ಮಾತು, ಯಾರ ಹತ್ರಾನೂ ಇಲ್ಲ.’ ನಾಲ್ಕು ದಿನ ಬರೆದೆ. ನಾಲ್ಕೂ ಸಾಲು ಹೆಚ್ಚುಕಮ್ಮಿ ಒಂದೇ. ನೋಡಿ ಭಯವಾಯಿತು. ‘ಬೇಜಾರು’ ಅಂದುಕೊಂಡಷ್ಟೂ ದಿನ ಆ ಭಯ ಬಂದಿರಲಿಲ್ಲ.

ಇಂಟರ್ನಲ್ಸ್ ವಾರದಲ್ಲಿ ನಿದ್ದೆ ಕೆಡುವುದು ಎಲ್ಲರಿಗೂ ಇದ್ದದ್ದೇ, ಪರೀಕ್ಷೆ ಮುಗಿದರೆ ಸರಿಹೋಗುತ್ತದೆ. ಆದರೆ ಎರಡು ವಾರ, ಹೆಚ್ಚುಕಮ್ಮಿ ಪ್ರತಿದಿನ, ದಿನದ ಬಹುಪಾಲು ಮನಸ್ಸು ಮಂಕಾಗಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ಜೊತೆಗೆ ಊಟ ನಿದ್ದೆ ಏರುಪೇರಾಗಿದ್ದರೆ ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಡಿಪ್ರೆಷನ್ ಇರಬಹುದು. ಇದೆಯೋ ಇಲ್ಲವೋ ಡಾಕ್ಟರ್ ಹೇಳಲಿ, ಮೊಬೈಲ್‌ನಲ್ಲಿ ಸಿಗುವ ಕ್ವಿಜ್ ಅಲ್ಲ.

ಎರಡನೆಯದು, 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಕೊನೆಯದೇ ನನಗೆ ದೊಡ್ಡದು. ನಿದ್ದೆ ಬರ್ತಿಲ್ಲ ಅನ್ನೋದನ್ನೂ ಇಂಗ್ಲಿಷಲ್ಲಿ ಹೇಳಬೇಕಾಗಿದ್ದರೆ ನಾನು ಫೋನೇ ಮಾಡುತ್ತಿರಲಿಲ್ಲ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಂತು ಮಾಡಿದೆ. ಎರಡು ಸಲ ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೂ ಉಂಟು. ಮೂರನೇ ಸಲ ಹಾಲ್ ಟಿಕೆಟ್ ತಿರುಗಿಸಿ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಗಂಟಲು ಕಟ್ಟಿದಾಗ ಓದುವುದು ಮಾತಾಡುವುದಕ್ಕಿಂತ ಸುಲಭ, ಅಲ್ವಾ?

ಕಾಲೇಜಿನ ಕೌನ್ಸೆಲರ್ ಇದ್ದರೆ ಅವರನ್ನೂ ನೋಡಿ. ನಮ್ಮಲ್ಲಿ ಆ ಕೋಣೆ ಫೀಸ್ ಕಟ್ಟುವ ಕ್ಯೂಗೆ ಸರಿಯಾಗಿ ಎದುರಿಗಿತ್ತು. ಅರ್ಧ ಕಾಲೇಜು ನೋಡುತ್ತಿರುವಾಗ ಯಾರು ಬಾಗಿಲು ತಟ್ಟುತ್ತಾರೆ? ನಾನಂತೂ ತಟ್ಟಲಿಲ್ಲ. ನಿಮ್ಮಲ್ಲೂ ಹಾಗಿದ್ದರೆ ಮೆಸೇಜ್ ಮಾಡಿ ಬೇರೆ ಹೊತ್ತು ಕೇಳಿ.

ಡಾಕ್ಟರ್ ಬೇಕಾದರೆ ಬೆಂಗಳೂರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಉದ್ದ ಇರುತ್ತದೆ, ನೀರಿನ ಬಾಟಲ್ ಇರಲಿ. ಬೇರೆ ಊರಿನವರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ, ಮೊದಲೇ ವಿಚಾರಿಸಿಕೊಂಡು ಹೋಗಿ. ಹದಿನೆಂಟು ತುಂಬಿದ್ದರೆ ನೀವೊಬ್ಬರೇ ಹೋಗಬಹುದು. ನಿಮ್ಮ ವಿಷಯ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಮಾತ್ರೆ ಬರೆದುಕೊಟ್ಟರೆ ಮರುದಿನವೇ ಬದಲಾವಣೆ ಹುಡುಕಬೇಡಿ. ಡಿಪ್ರೆಷನ್ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಹಿಡಿಯುತ್ತದೆ. ಸ್ವಲ್ಪ ಹಗುರ ಅನ್ನಿಸಿತು ಅಂತ ನೀವಾಗಿಯೇ ನಿಲ್ಲಿಸಲೂಬೇಡಿ.

ರೂಮ್‌ಮೇಟ್‌ಗಳಿಗೂ ಒಂದು ಮಾತು. ನನ್ನ ರೂಮ್‌ಮೇಟ್ ಬುದ್ಧಿ ಹೇಳಲಿಲ್ಲ. ಮೆಸ್ಸಿನಿಂದ ತಟ್ಟೆಯಲ್ಲಿ ಚಿತ್ರಾನ್ನ ತಂದು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ನನ್ನ ಮಂಚದ ಪಕ್ಕ ಇಟ್ಟು ತನ್ನ ಪಾಡಿಗೆ ರೆಕಾರ್ಡ್ ಬರೆಯುತ್ತಾ ಕೂತ. ಒಂದು ರಾತ್ರಿ ಮಾತ್ರ ನೇರವಾಗಿ ಕೇಳಿದ: ‘ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನೋ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಉತ್ತರ ‘ಹೌದು’ ಬಂದರೆ ಅವರನ್ನು ಒಂಟಿ ಬಿಡಬೇಡಿ, 14416ಕ್ಕೆ ಹಚ್ಚಿ. ಈಗಲೇ ಅಪಾಯ ಅನ್ನಿಸಿದರೆ 112, ಇಲ್ಲವೇ ಆಟೋ ಹಿಡಿದು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಟ್ಟಿದ್ದರೂ ವಾರ್ಡನ್‌ಗೆ ಹೇಳಿ. ಆ ಮಾತು ಮುರಿದರೆ ಪಾಪ ಬರುವುದಿಲ್ಲ.

ಇನ್ನು ಮನೆ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಅಪ್ಪ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ಊಟ ಆಯ್ತಾ?’ ಅನ್ನುತ್ತಿದ್ದರು. ನಾನು ‘ಆಯ್ತು’ ಅನ್ನುತ್ತಿದ್ದೆ. ಎರಡು ತಿಂಗಳು ಇಷ್ಟೇ. ಬ್ಯಾಕ್‌ಲಾಗ್, ಡಿಪ್ರೆಷನ್, ಇದನ್ನೆಲ್ಲ ಹೇಗೆ ಶುರುಮಾಡಲಿ ಅಂತ ಮನಸ್ಸಲ್ಲೇ ಭಾಷಣ ತಯಾರು ಮಾಡುತ್ತಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಹಾಗಾಗಿ ಭಾಷಣ ಬಿಡಿ. ಅವರು ಕೇಳಿದ್ದಕ್ಕೆ ನಿಜ ಹೇಳಿ, ಅಷ್ಟು ಸಾಕು. ಒಂದು ದಿನ ನಾನು ‘ಇಲ್ಲಪ್ಪ, ಆಗಿಲ್ಲ. ಮೂರು ದಿನದಿಂದ ಸೇರ್ತಿಲ್ಲ’ ಅಂದೆ.

ಆ ಕಡೆ ಟಿವಿ ಸದ್ದು ನಿಂತಿತು. ‘ಬೆಳಿಗ್ಗೆ ಐದೂವರೆ ಬಸ್ಸಿಗೆ ಹತ್ತೀನಿ’ ಅಂದರು. ಬೈಯ್ಗುಳವೂ ಬಂತು, ಆದರೆ ಅದು ನಾಲ್ಕು ದಿನ ಬಿಟ್ಟು, ಮಾರ್ಕ್ಸ್ ಕಾರ್ಡ್ ನೋಡಿದ ಮೇಲೆ.