ಗಡಿಯಾರದ ಪಕ್ಕ ಒಂದು ಐಕಾನ್ ಕೂರಿಸಿದ್ದು

ಕಡತಗಳ ಬ್ಯಾಕಪ್ ತೆಗೆಯುವ ಸಣ್ಣ ಪ್ರೋಗ್ರಾಮೊಂದನ್ನು ಬರೆದಿದ್ದೆ. ಅದರ ಕೆಲಸವೆಲ್ಲ ತೆರೆಮರೆಯಲ್ಲೇ ನಡೆಯುವುದರಿಂದ ಸದಾ ತೆರೆದಿರುವ ವಿಂಡೋ ಬೇಕಿರಲಿಲ್ಲ. ಆದರೂ ಅದು ಓಡುತ್ತಿದೆಯೋ ನಿಂತಿದೆಯೋ ಬಳಸುವವರಿಗೆ ತಿಳಿಯಬೇಕಲ್ಲ. ಟಾಸ್ಕ್‌ಬಾರಿನ ತುದಿಯಲ್ಲಿ, ಗಡಿಯಾರದ ಪಕ್ಕ ಒಂದು ಐಕಾನ್ ಕೂರಿಸಿದರಾಯಿತು, ಒಂದು ಸಂಜೆಯ ಕೆಲಸ ಎಂದುಕೊಂಡೆ. ಐಕಾನ್ ಕಾಣಿಸಿಕೊಂಡದ್ದು ನಿಜಕ್ಕೂ ಅದೇ ಸಂಜೆ. ಅದನ್ನು ಅಲ್ಲೇ ಉಳಿಸಿಕೊಳ್ಳಲು ಮಾತ್ರ ಮೂರು ವಾರ ಹಿಡಿಯಿತು.

ವಿಂಡೋಸ್‌ನಲ್ಲಿ ಇದಕ್ಕಿರುವುದು ಶೆಲ್_ನೋಟಿಫೈಐಕಾನ್ ಎಂಬ ಒಂದು ಫಂಕ್ಷನ್. ವಿಂಡೋಸ್ 95ರ ಕಾಲದಿಂದಲೂ ಇದೆ. ಐಕಾನಿನ ವಿವರಗಳನ್ನು ಒಟ್ಟಿಗೆ ಇಡುವ ಒಂದು ಸ್ಟ್ರಕ್ಚರ್ ತುಂಬಿ ಕೊಟ್ಟು, ಸೇರಿಸು, ಬದಲಿಸು, ತೆಗೆ ಎಂದು ಹೇಳುತ್ತೇವೆ. ಮೌಸಿನ ಕ್ಲಿಕ್ಕುಗಳು ನಾವು ಸೂಚಿಸಿದ ವಿಂಡೋಗೆ ಸಂದೇಶಗಳಾಗಿ ಬರುತ್ತವೆ. ಅಂದಹಾಗೆ, ಎಲ್ಲರ ಬಾಯಲ್ಲೂ ಇದು ಸಿಸ್ಟಂ ಟ್ರೇ. ಮೈಕ್ರೋಸಾಫ್ಟ್ ದಾಖಲೆಗಳಲ್ಲಿ ನೋಟಿಫಿಕೇಶನ್ ಏರಿಯಾ. ಮಾಹಿತಿ ಹುಡುಕುವಾಗ ಎರಡು ಹೆಸರೂ ನೆನಪಿರಲಿ.

ನನಗೆ ತಡವಾಗಿ ಹೊಳೆದದ್ದು ಇಷ್ಟು: ಆ ಐಕಾನನ್ನು ಪರದೆಯ ಮೇಲೆ ಬಿಡಿಸುವುದು ನಮ್ಮ ಪ್ರೋಗ್ರಾಂ ಅಲ್ಲ, ಟಾಸ್ಕ್‌ಬಾರನ್ನು ನಡೆಸುವ ವಿಂಡೋಸ್‌ನದೇ ಪ್ರೋಗ್ರಾಂ ಎಕ್ಸ್‌ಪ್ಲೋರರ್. ಟ್ರೇ ಅದರ ಮನೆಯ ಜಗಲಿ. ಜಗಲಿಯಲ್ಲಿ ಕೂತವರು ಮನೆಯವರ ರೀತಿರಿವಾಜಿಗೆ ಹೊಂದಿಕೊಳ್ಳಬೇಕು. ನಮ್ಮ ಪ್ರೋಗ್ರಾಂ ಹೇಳದೆ ಕೇಳದೆ ಸತ್ತರೆ ಐಕಾನ್ ಅಲ್ಲೇ ಉಳಿದು, ಯಾರಾದರೂ ಮೌಸನ್ನು ಅದರ ಮೇಲೆ ತಂದಾಗ ಮಾಯವಾಗುವುದೂ ಇದೇ ಕಾರಣಕ್ಕೆ.

ಎಕ್ಸ್‌ಪ್ಲೋರರ್ ತಾನೇ ಬಿದ್ದು ಎದ್ದರೆ? ಜಗಲಿಯೇ ಹೊಸದು, ನನ್ನ ಐಕಾನ್ ಅಲ್ಲಿಲ್ಲ. ಟಾಸ್ಕ್‌ಬಾರ್ ಹೊಸದಾಗಿ ಹುಟ್ಟಿದಾಗ ‘ಟಾಸ್ಕ್‌ಬಾರ್‌ಕ್ರಿಯೇಟೆಡ್’ ಎಂಬ ಸಂದೇಶ ಎಲ್ಲ ಮೇಲ್ಮಟ್ಟದ, ಅಂದರೆ ಇನ್ನೊಂದು ವಿಂಡೋದ ಒಳಗಿರದ, ವಿಂಡೋಗಳಿಗೂ ಹೋಗುತ್ತದೆ. ಆ ಹೆಸರನ್ನು ರಿಜಿಸ್ಟರ್‌ವಿಂಡೋಮೆಸೇಜ್ ಎಂಬ ಫಂಕ್ಷನ್‌ಗೆ ಕೊಟ್ಟು ಅದರ ಸಂಖ್ಯೆ ಪಡೆದುಕೊಂಡು, ಸಂದೇಶ ಬಂದಾಗ ಐಕಾನನ್ನು ಮತ್ತೆ ಸೇರಿಸಬೇಕು. ಅಷ್ಟನ್ನೂ ಬರೆದೆ. ಟಾಸ್ಕ್ ಮ್ಯಾನೇಜರಿನಿಂದ ಎಕ್ಸ್‌ಪ್ಲೋರರನ್ನು ಕೊಂದು ಎಬ್ಬಿಸಿದೆ. ಐಕಾನ್ ಬರಲಿಲ್ಲ. ಎರಡು ದಿನ ಸಂಖ್ಯೆಯನ್ನು ಅನುಮಾನಿಸಿದೆ, ಅಕ್ಷರಗಳನ್ನು ಅನುಮಾನಿಸಿದೆ, ಕೊನೆಗೆ ನನ್ನನ್ನೇ ಅನುಮಾನಿಸಿದೆ. ತಪ್ಪು ಇದ್ದದ್ದು ಬೇರೆ ಕಡೆ. ಪರದೆಯಲ್ಲಿ ಏನೂ ಕಾಣದಿರಲಿ ಎಂದು ನಾನು ಸಂದೇಶಕ್ಕಷ್ಟೇ ಮೀಸಲಾದ ವಿಂಡೋ, ಅಂದರೆ ಎಚ್‌ಡಬ್ಲ್ಯೂಎನ್‌ಡಿ_ಮೆಸೇಜ್ ಕೊಟ್ಟು ರಚಿಸುವ ಬಗೆಯದನ್ನು, ಬಳಸಿದ್ದೆ. ಅಂಥ ವಿಂಡೋಗೆ ಎಲ್ಲರಿಗೂ ಸಾರುವ ಸಂದೇಶಗಳು ತಲುಪುವುದೇ ಇಲ್ಲ. ಮೌಸ್ ಕ್ಲಿಕ್ಕುಗಳು ನೇರವಾಗಿ ಅದರ ಹೆಸರಿಗೇ ಬರುತ್ತಿದ್ದುದರಿಂದ ಉಳಿದೆಲ್ಲ ಸರಿಯಾಗಿ ನಡೆದು ನನ್ನ ಕಣ್ಣು ಕಟ್ಟಿತ್ತು. ಸಾಮಾನ್ಯ ವಿಂಡೋವನ್ನೇ ರಚಿಸಿ, ಎಂದೂ ತೋರಿಸದೆ ಬಿಟ್ಟೆ; ಮುಗಿಯಿತು. ಮುಗಿಯಿತು ಎಂದುಕೊಂಡೆ, ಎನ್ನಬೇಕು. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸಿದಾಗ ಮತ್ತೆ ಅದೇ ಕಥೆ. ಕಡಿಮೆ ಅಧಿಕಾರದ ಎಕ್ಸ್‌ಪ್ಲೋರರ್ ಕಳುಹಿಸಿದ ಸಂದೇಶವನ್ನು ಹೆಚ್ಚಿನ ಅಧಿಕಾರದ ವಿಂಡೋಗೆ ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಚೇಂಜ್‌ವಿಂಡೋಮೆಸೇಜ್‌ಫಿಲ್ಟರ್‌ಎಕ್ಸ್ ಕರೆದು ಆ ಒಂದು ಸಂದೇಶಕ್ಕೆ ಅನುಮತಿ ಕೊಟ್ಟ ಮೇಲೆ ನಿಜವಾಗಿ ಮುಗಿಯಿತು.

ಬಲ ಕ್ಲಿಕ್ಕಿನ ಮೆನುವಿನದು ಇನ್ನೊಂದು ಹಟ. ತೆರೆದ ಮೆನು, ಬೇರೆಲ್ಲೋ ಕ್ಲಿಕ್ ಮಾಡಿದರೂ ಮುಚ್ಚಿಕೊಳ್ಳುತ್ತಿರಲಿಲ್ಲ. ಮೆನು ತೋರಿಸುವ ಟ್ರ್ಯಾಕ್‌ಪಾಪಪ್‌ಮೆನು ಕರೆಯುವ ಮೊದಲು ನಮ್ಮ ಕಾಣದ ವಿಂಡೋವನ್ನು ಸೆಟ್‌ಫೋರ್‌ಗ್ರೌಂಡ್‌ವಿಂಡೋ ಮೂಲಕ ಮುಂದೆ ತರಬೇಕು, ಮೆನು ಮುಗಿದ ಮೇಲೆ ಅದಕ್ಕೆ ಡಬ್ಲ್ಯೂಎಂ_ನಲ್ ಎಂಬ ಖಾಲಿ ಸಂದೇಶ ಹಾಕಬೇಕು. ನೋಡಲು ಮಂತ್ರದಂತಿದೆ, ಆದರೂ ಇದನ್ನು ಬಿಟ್ಟು ಬೇರೆ ದಾರಿ ನನಗೆ ಸಿಗಲಿಲ್ಲ.

ಇನ್ನೊಂದು ಸಂಪೂರ್ಣ ನನ್ನದೇ ಅತಿಯಾಸೆ. ಎಷ್ಟು ಶೇಕಡಾ ಬ್ಯಾಕಪ್ ಆಗಿದೆ ಎಂಬ ಅಂಕಿಯನ್ನು ಐಕಾನಿನೊಳಗೇ ಬರೆಯಬೇಕೆಂದು ಹೊರಟೆ. ಸಾಮಾನ್ಯ ಪರದೆಯಲ್ಲಿ ಐಕಾನಿಗೆ ಸಿಗುವುದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಎರಡು ಅಂಕಿ ಹೇಗೋ ಕೂರುತ್ತವೆ, 100 ಕೂರುವುದಿಲ್ಲ. ಹಾಗೂ ಹೀಗೂ ಮಾಡಿ, ಸೆಕೆಂಡಿಗೊಂದು ಹೊಸ ಐಕಾನ್ ಬಿಡಿಸಿ ಕಳುಹಿಸುವಂತೆ ಬರೆದೆ. ಒಂದೆರಡು ಗಂಟೆ ಚೆನ್ನಾಗಿ ನಡೆದು, ಆಮೇಲೆ ಮೆನು ಬಿಳಿಚಿಕೊಂಡಿತು, ಅಕ್ಷರಗಳು ಮಾಯವಾದವು. ಟಾಸ್ಕ್ ಮ್ಯಾನೇಜರಿನಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಪ್ರೋಗ್ರಾಂ ಹಿಡಿದಿಟ್ಟುಕೊಂಡ ಚಿತ್ರ ಮುಂತಾದ ಬಿಡಿಸುವ ಸಾಮಗ್ರಿಗಳ ಲೆಕ್ಕ) ಎಂಬ ಕಾಲಂ ತೆರೆದು ನೋಡಿದರೆ 10,000 ಹತ್ತಿರ; ಪೂರ್ವನಿಯೋಜಿತವಾಗಿ ಒಂದು ಪ್ರೋಗ್ರಾಮಿಗೆ ಅಷ್ಟೇ ಮಿತಿ. ಹಳೆಯ ಐಕಾನ್‌ಗಳನ್ನು ಅಳಿಸುವ ಡಿಸ್ಟ್ರಾಯ್‌ಐಕಾನ್ ಕರೆಯುವುದನ್ನು ಮರೆತಿದ್ದೆ. ಅದನ್ನು ಸರಿಪಡಿಸಿದೆ, ಮರುದಿನ ಅಂಕಿಯನ್ನೇ ಕಿತ್ತುಹಾಕಿದೆ. ಈಗಿರುವುದು ಮೂರೇ ಚಿತ್ರ: ಬಿಡುವು, ಕೆಲಸ, ದೋಷ. ಬಣ್ಣವೊಂದನ್ನೇ ಬದಲಿಸಿದರೆ ಎಲ್ಲರ ಕಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಆಕಾರವನ್ನೂ ಬೇರೆ ಮಾಡಿದ್ದೇನೆ. ಶೇಕಡಾ ಲೆಕ್ಕ, ಮೌಸ್ ತಂದಾಗ ಕಾಣುವ ಟೂಲ್‌ಟಿಪ್‌ಗೆ ಹೋಯಿತು.

ಮ್ಯಾಕ್ ಆವೃತ್ತಿಯಲ್ಲಿ ಹೆಚ್ಚು ಕಷ್ಟವಾಗಲಿಲ್ಲ. ಅಲ್ಲಿ ಮೆನು ಬಾರಿನ ಐಕಾನನ್ನು ಪ್ರತಿನಿಧಿಸುವ ಎನ್‌ಎಸ್‌ಸ್ಟೇಟಸ್‌ಐಟಂ ಅನ್ನು ಯಾವುದಾದರೂ ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಐಕಾನ್ ಮಾಯವಾಗುತ್ತದೆ. ಚಿತ್ರವನ್ನು ಟೆಂಪ್ಲೇಟ್ ಎಂದು ಗುರುತಿಸಿದರೆ ಕಪ್ಪು, ಬಿಳಿ ಥೀಮ್‌ಗಳೆರಡಕ್ಕೂ ತಾನೇ ಹೊಂದಿಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ಜಗಲಿ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಅಲ್ಲಿನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್ 2017ರ 3.26 ಆವೃತ್ತಿಯಲ್ಲಿ ಹಳೆಯ ಟ್ರೇಯನ್ನು ತೆಗೆಯಿತು. ಈಗ ಅಲ್ಲಿ ಎಕ್ಸ್‌ಟೆನ್ಷನ್ ಬೇಕು. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯಿಂದ ಬಂದ ಟ್ರೇ ಐಕಾನಿನ ಪದ್ಧತಿ ಸ್ಟೇಟಸ್‌ನೋಟಿಫೈಯರ್‌ಐಟಂ, ಪ್ರೋಗ್ರಾಮುಗಳು ಪರಸ್ಪರ ಸಂದೇಶ ಕಳುಹಿಸುವ ಡಿ-ಬಸ್ ಮೂಲಕ ಮಾತನಾಡುತ್ತದೆ. ಇಂಥ ವ್ಯತ್ಯಾಸಗಳನ್ನು ತಾನೇ ನಿಭಾಯಿಸುವ ಕ್ಯೂಟಿ ಎಂಬ ಲೈಬ್ರರಿಯನ್ನು ನಾನು ಬಳಸಿದ್ದರಿಂದ ಆ ತಲೆನೋವು ಬಹುಪಾಲು ತಪ್ಪಿತು. ಆದರೂ ಈಸ್‌ಸಿಸ್ಟಂಟ್ರೇಅವೇಲಬಲ್ ಎಂದು ಕೇಳಿ, ಇಲ್ಲವೆಂದರೆ ಮುಖ್ಯ ವಿಂಡೋವನ್ನೇ ತೋರಿಸುತ್ತೇನೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಎಡ ಕ್ಲಿಕ್ಕಿಗೂ ಮೆನುವೇ ತೆರೆಯುವುದರಿಂದ, ‘ವಿಂಡೋ ತೆರೆ’ ಎಂಬುದನ್ನು ಮೆನುವಿನ ಮೊದಲ ಸಾಲಿಗೆ ಹಾಕಿದೆ. ಸೆಟ್ಟಿಂಗ್ಸ್ ವಿಂಡೋ ಮುಚ್ಚಿದೊಡನೆ ಇಡೀ ಪ್ರೋಗ್ರಾಂ ನಿಂತುಹೋಗದಿರಲು ಸೆಟ್‌ಕ್ವಿಟ್‌ಆನ್‌ಲಾಸ್ಟ್‌ವಿಂಡೋಕ್ಲೋಸ್ಡ್‌ಗೆ ಫಾಲ್ಸ್ ಕೊಟ್ಟೆ.

ಇಷ್ಟಾದರೂ ವಿಂಡೋಸ್ 11ರಲ್ಲಿ ಹೊಸ ಐಕಾನ್ ಮೊದಲು ಹೋಗಿ ಕೂರುವುದು ಬಾಣದ ಗುರುತಿನ ಹಿಂದಿನ ಪೆಟ್ಟಿಗೆಯಲ್ಲಿ. ಅದನ್ನು ಹೊರಗೆ ತರುವ ಆಯ್ಕೆ ಬಳಸುವವರದು. ಹಾಗಾಗಿ ಬ್ಯಾಕಪ್ ವಿಫಲವಾದಾಗ ನನ್ನ ಪ್ರೋಗ್ರಾಂ ಈಗ ಐಕಾನ್ ಬದಲಿಸಿ ಸುಮ್ಮನಿರುವುದಿಲ್ಲ; ದೋಷದ ವಿವರವಿರುವ ಒಂದು ಸಾಮಾನ್ಯ ವಿಂಡೋವನ್ನು ಪರದೆಯ ನಡುವೆ ತೆರೆಯುತ್ತದೆ.