ವ್ಯಾನಿಟಿ ಫೇರ್ ಹಾಳೆ ಅಸಲಿಯೋ ನಕಲಿಯೋ: ನನ್ನ ಅನುಭವ

ಲಂಡನ್ನಿನ ಹಳೇ ವಾರಪತ್ರಿಕೆ ವ್ಯಾನಿಟಿ ಫೇರ್‌ನ ವ್ಯಂಗ್ಯಚಿತ್ರಗಳನ್ನು ಒಂದು ಲೂಪ್, ಅಂದರೆ ಕಣ್ಣಿಗಿಟ್ಟು ನೋಡುವ ಪುಟ್ಟ ಭೂತಗನ್ನಡಿ, ಇದ್ದರೆ ಗುರುತಿಸಬಹುದು ಅಂದಾಗ ಸಂಗ್ರಾಹಕ ಗೆಳೆಯರು ನಕ್ಕರು. ಈಗ ಅವರೇ ದುಡ್ಡು ಕೊಡುವ ಮುಂಚೆ ನನಗೆ ಫೋಟೋ ಕಳಿಸುತ್ತಾರೆ.

ಕಾಗದದ ಹಳದಿ ನಂಬುವ ಹಾಗಿಲ್ಲ. ಟೀ ಡಿಕಾಕ್ಷನ್ ಸವರಿದರೆ ಹೊಸ ಹಾಳೆಗೂ ನೂರು ವರ್ಷ ವಯಸ್ಸಾಗುತ್ತದೆ. ಹಿಂಬದಿ ನೋಡಿ ಪ್ರಯೋಜನವಿಲ್ಲ, ಅಸಲಿಯಲ್ಲೂ ಅದು ಖಾಲಿಯೇ. ಮೇಲಿನ ತಾರೀಕು, ಕೆಳಗಿನ 'ವಿನ್ಸೆಂಟ್ ಬ್ರೂಕ್ಸ್, ಡೇ ಅಂಡ್ ಸನ್' ಎಂಬ ಮುದ್ರಕರ ಹೆಸರು ನಕಲಿಗೂ ಹಾಗೇ ಇಳಿದಿರುತ್ತದೆ. ಯುವಿ (ಅತಿನೇರಳೆ ಬೆಳಕಿನ) ಟಾರ್ಚಿಗೆ ಇಪ್ಪತ್ತು ಪೌಂಡ್ ಸುರಿದೆ. ಬಿಳುಪಿನ ರಾಸಾಯನಿಕ ಹಾಕಿದ ಕಾಗದ ನೀಲಿಯಾಗಿ ಹೊಳೆಯಿತು, ನಿಜ. ಆದರೆ ಅದನ್ನು ಹಾಕದ ಹೊಸ ಕಾಗದವೂ ಇದೆಯಲ್ವಾ? ಅಲ್ಲಿ ಟಾರ್ಚ್ ಸುಮ್ನೆ.

ಕೊನೆಗೆ ಕೈಹಿಡಿದದ್ದು ಚುಕ್ಕಿ. 1897ರ ಆಗಸ್ಟ್ 26ರ ಕ್ರಿಕೆಟಿಗ ರಂಜಿ ಚಿತ್ರವನ್ನೇ ತಗೊಳ್ಳಿ, 'ಸ್ಪೈ' ಎಂಬ ಅಂಕಿತದ ಲೆಸ್ಲಿ ವಾರ್ಡ್ ಬರೆದದ್ದು. ಕೆನ್ನೆಯ ಮೇಲೆ ಲೂಪ್ ಇಟ್ಟರೆ ಅಸಲಿಯಲ್ಲಿ ಕಂದು, ಗುಲಾಬಿ ಕಾಳುಗಳು ಅಡ್ಡಾದಿಡ್ಡಿ ಚೆಲ್ಲಿದ ಹಾಗಿರುತ್ತವೆ. ಒಂದು ದಪ್ಪ, ಇನ್ನೊಂದು ಸಣ್ಣ. ಆಗ ಅಚ್ಚು ಹಾಕುತ್ತಿದ್ದದ್ದು ಕಲ್ಲಿನಿಂದ; ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಚುಕ್ಕಿಯೆಲ್ಲ ಕೈಯಿಂದ ಇಟ್ಟದ್ದು. ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದ ಈಗಿನ ನಕಲಿನಲ್ಲಿ ಚುಕ್ಕಿಗಳು ಸಾಲು ಹಿಡಿದು, ಪುಟ್ಟ ಹೂವಿನಂತೆ ಗುಂಪುಗುಂಪಾಗಿ ಕಾಣುತ್ತವೆ. ಕೆನ್ನೆಗಿಂತ ಬೇಗ ಸುಳಿವು ಕೊಡುವ ಇನ್ನೊಂದು ಜಾಗವಿದೆ. ಅದನ್ನು ಇಲ್ಲಿ ಬರೆಯಲ್ಲ, ನಕಲಿ ಮಾರುವವರೂ ಓದುತ್ತಾರೆ.

ದುಡ್ಡಿನ ಮಾತು. ಯಾರಿಗೂ ನೆನಪಿಲ್ಲದ ಸಂಸದನ ಚಿತ್ರ ಹತ್ತು ಹನ್ನೆರಡು ಪೌಂಡಿಗೆ ಸಿಕ್ಕಿದೆ. ಕ್ರಿಕೆಟ್, ಗಾಲ್ಫ್, ಜಡ್ಜ್‌ಗಳಿಗೆ ರೇಟು ಜಾಸ್ತಿ; ವಕೀಲರ ಆಫೀಸಿನ ಗೋಡೆಗೆ ಜಡ್ಜ್ ಬೇಕೇ ಬೇಕು. ನಕಲಿ ಬರುವುದೂ ಅಲ್ಲೇ. ಸಂಸದನ ನಕಲಿ ಮಾಡಿ ಯಾರಿಗೆ ಲಾಭ?

ಇಷ್ಟು ಬಿಡಿ ಹಾಳೆ ಸಿಗುವುದು ಚಿತ್ರಕ್ಕಾಗಿ ಸಂಪುಟಗಳನ್ನು ಹರಿದದ್ದರಿಂದ. 1868ರಲ್ಲಿ ಪತ್ರಿಕೆ ಶುರುಮಾಡಿದ ಥಾಮಸ್ ಗಿಬ್ಸನ್ ಬೌಲ್ಸ್‌ಗೂ ಚಿತ್ರವೇ ಅನ್ನ ಕೊಟ್ಟದ್ದು. 1869ರ ಜನವರಿ 30ರಂದು ವ್ಯಂಗ್ಯಚಿತ್ರಕಾರ ಪೆಲ್ಲೆಗ್ರಿನಿ ಬರೆದ ಬ್ರಿಟಿಷ್ ರಾಜಕಾರಣಿ ಡಿಸ್ರೇಲಿಯ ಚಿತ್ರ ಬಂದ ಮೇಲೆ ಮಾರಾಟ ಏರಿತು. ಬೌಲ್ಸ್ 'ಜೆಹು ಜೂನಿಯರ್' ಹೆಸರಲ್ಲಿ ಬರೆದ, ಚಿತ್ರದ ಜೊತೆ ಬರುತ್ತಿದ್ದ ಕುಟುಕು ಪರಿಚಯದ ಹಾಳೆಯನ್ನು ಮಾತ್ರ ಕೇಳುವವರಿಲ್ಲ. ನಾನು ಅದನ್ನೂ ಎತ್ತಿಡುತ್ತೇನೆ, ಜೋಡಿಯಿದ್ದರೆ ಐದಾರು ಪೌಂಡ್ ಹೆಚ್ಚು ಕೇಳಬಹುದು.

ಇದೇ ಲೂಪ್ ಹಿಡಿದು 1901ರ ನಂತರದ ಟ್ಯಾಟ್ಲರ್, ಬೈಸ್ಟಾಂಡರ್ ಪತ್ರಿಕೆಗಳ ಪುಟಗಳನ್ನೂ ನೋಡಿದೆ. ಅಲ್ಲಿ ಆಟ ನಡೆಯಲಿಲ್ಲ. ಫೋಟೋಗಳೆಲ್ಲ ಹಾಫ್‌ಟೋನ್, ಅಂದರೆ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕಿದ್ದು, ಅಸಲಿಯಲ್ಲೇ ಚುಕ್ಕಿ ಸಾಲು. ಅವಕ್ಕೆ ಸಂಚಿಕೆಯ ಹಾಳೆ ಸೇರಿಸಿದ ಪಿನ್ನಿನ ತುಕ್ಕು, ಹಿಂಬದಿಯ ಜಾಹೀರಾತು ನೋಡುತ್ತಿದ್ದೇನೆ. ಪಿನ್ನು ಬದಲಾಯಿಸಿದ ಸಂಚಿಕೆಗಳು ಇನ್ನೂ ತಲೆ ತಿನ್ನುತ್ತಿವೆ.